ತಗೊಂಡಿದ್ರೆ ರಾಯರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಅಡ್ಡರಸ್ತೆಗೊಬ್ಬರಂತೆ ಸಿಗುವ ಇವರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇರುತ್ತದೆ. 'ತಗೊಂಡಿದ್ರೆ ರಾಯರು' ಅನ್ನುವುದು ಬೀದಿಯವರು ಮಾಡಿದ ನಾಮಕರಣ. ಎಚ್‌ಎಂಟಿಯೋ ಐಟಿಐಯೋ ಬಿಇಎಲ್ಲೋ, ಎಲ್ಲಿಂದಲೋ ನಿವೃತ್ತರು. ಬೆಳಿಗ್ಗೆ ಪಾರ್ಕಿನಲ್ಲಿ ಎರಡು ಸುತ್ತು ಹಾಕುತ್ತಾರೆ. ಮೂರನೆಯ ಸುತ್ತಿನಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಕೋರಮಂಗಲದ ಕಥೆ ಶುರು.

"ಸೈಟು ತಗೊಳ್ಳಿ ಸ್ವಾಮಿ ಅಂತ ಮನೆ ಬಾಗಿಲಿಗೇ ಬಂದಿದ್ರು ಕಣ್ರೀ. ಅಲ್ಲಿ ರಾತ್ರಿ ನರಿ ಕೂಗುತ್ತೆ ಭಾವ, ಬೇಡ ಅಂದ ನಮ್ಮ ಭಾಮೈದ. ಅವತ್ತು ತಗೊಂಡಿದ್ರೆ..."

ಅಲ್ಲಿಗೆ ಮಾತು ನಿಲ್ಲುತ್ತದೆ. ಮುಂದಿನ ಗುಣಾಕಾರ ಕೇಳುಗರಿಗೆ ಬಿಟ್ಟದ್ದು.

ರಾಯರ ಕೊರಗಿಗೆ ಇಸವಿಗಳ ಕ್ರಮ ಇದೆ. 1978ರಲ್ಲಿ ಕಿಯೋನಿಕ್ಸ್‌ನವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಮಾಡಲು ಹೊರಟಾಗ ಪಕ್ಕದ ಹೊಲ ಕೊಳ್ಳಲಿಲ್ಲ. 1993ರಲ್ಲಿ ಇನ್ಫೋಸಿಸ್ ಷೇರು 95 ರೂಪಾಯಿಗೆ ಬಂದಾಗ ಅರ್ಜಿ ಫಾರಂ ತಂದು, ಅದರ ಹಿಂಬದಿಯಲ್ಲಿ ಹಾಲಿನ ಲೆಕ್ಕ ಬರೆದರು. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಗುವ ಹೊತ್ತಿಗೆ ಕೈಯಲ್ಲಿ ದುಡ್ಡಿತ್ತು, ಆದರೆ ಆ ರಸ್ತೆಯ ಜಾಗ ಕೈಗೆ ಸಿಗದ ಎತ್ತರಕ್ಕೆ ಹೋಗಿತ್ತು.

ಇನ್ಫೋಸಿಸ್ ವಿಷಯದಲ್ಲಿ ರಾಯರು ತಮಗೆ ತಾವೇ ಅನ್ಯಾಯ ಮಾಡಿಕೊಳ್ಳುತ್ತಾರೆ. ಆ ಷೇರಿಗೆ ಆಗ ಬೇಕಾದಷ್ಟು ಅರ್ಜಿಗಳೇ ಬಂದಿರಲಿಲ್ಲ. ಉಳಿದ ಪಾಲನ್ನು ಮಾರ್ಗನ್ ಸ್ಟಾನ್ಲಿ ಎತ್ತಿಕೊಂಡಿತು. ಅಂದರೆ ಹೂಡಿಕೆದಾರರಲ್ಲಿ ಬಹುಪಾಲು ಜನ ಅವತ್ತು ರಾಯರ ಕಡೆಯೇ ಇದ್ದರು. ಈ ಸಮಾಧಾನ ಅವರಿಗೆ ಬೇಡ. ಮನೆಯಾಕೆ ಕೊಡುವ ಸಮಾಧಾನವಂತೂ ಬೇಡವೇ ಬೇಡ: "ರೀ, ಆಗ ನಿಮ್ಮ ತಂಗಿ ಮದುವೆ ಸಾಲ ತೀರಿರಲಿಲ್ಲ. ಫಾರಂ ತರೋಕ್ಕೆ ಹೋದ ಬಸ್ ಚಾರ್ಜೂ ನಾನು ಕೊಟ್ಟಿದ್ದು."

ಬೀದಿ ನಕ್ಕು ಮುಂದೆ ಹೋಗುತ್ತದೆ. ಆದರೆ ಒಂದು ಸಂಗತಿ ಯಾರ ಲಕ್ಷ್ಯಕ್ಕೂ ಬಂದಿರುವುದಿಲ್ಲ. ಹೀಗೆ ಕೊಳ್ಳದೆ ಬಿಟ್ಟ ಒಂದೊಂದು ಸೈಟಿಗೂ ರಾಯರು ಕಾಗದಪತ್ರ ತರಿಸಿಕೊಂಡಿದ್ದಾರೆ, ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚು ಸವೆಸಿದ್ದಾರೆ, ಪತ್ರ ಬರಹಗಾರರಿಗೆ ಕಾಫಿ ಕುಡಿಸಿ ಸಂಶಯ ಪರಿಹರಿಸಿಕೊಂಡಿದ್ದಾರೆ. ಕೊಂಡವನು ಒಂದು ಪತ್ರ ಓದಿ ಬೀರುವಿನಲ್ಲಿಟ್ಟು ಮರೆಯುತ್ತಾನೆ. ಕೊಳ್ಳದವನು ಹತ್ತಾರು ಓದುತ್ತಾನೆ.

ಕೆಳಗಿನ ಮನೆಯ ಬಾಡಿಗೆಯ ಹುಡುಗ ಒಂದು ಸಂಜೆ ಫೈಲು ಹಿಡಿದು ಮೇಲೆ ಬಂದ. ಕನಕಪುರ ರಸ್ತೆಯ ಆಚೆ ತರ್ಟಿ ಫಾರ್ಟಿ ಸೈಟು, ಮರುದಿನವೇ ಅಡ್ವಾನ್ಸು. "ಸುಮ್ನೆ ಒಂದ್ಸಲ ನೋಡಿ ಅಂಕಲ್" ಎಂದ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಇಳಿಸಿದ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ಅದರಲ್ಲಿತ್ತು.

ರಾಯರು ಟ್ಯೂಬ್‌ಲೈಟಿನ ಕೆಳಗೆ ಕುರ್ಚಿ ಎಳೆದುಕೊಂಡರು. "ಇದು 2004ರಿಂದೀಚೆಗಿನದು. ಅದಕ್ಕೂ ಹಿಂದಿನ ಕೈಬರಹದ ಇಸಿ ಎಲ್ಲಿ?" ಹುಡುಗನ ಬಳಿ ಇರಲಿಲ್ಲ. ಮೂಲಪತ್ರದ ಜೆರಾಕ್ಸ್ ಇತ್ತು, ಗುಮಾಸ್ತರ ಮೋಡಿ ಅಕ್ಷರ. ಅವನಿಗೆ ಇರುವೆ ಸಾಲಿನಂತೆ ಕಂಡದ್ದನ್ನು ರಾಯರು ತಡವರಿಸದೆ ಓದಿದರು. ಚೆಕ್ಕುಬಂದಿಗೆ ಬಂದಾಗ ಬೆರಳು ನಿಂತಿತು.

"ಇಲ್ಲಿ ಪೂರ್ವಕ್ಕೆ ಹಳ್ಳ ಅಂತಿದೆ. ಹೊಸ ಪತ್ರದಲ್ಲಿ ಪೂರ್ವಕ್ಕೆ ಮೂವತ್ತಡಿ ರಸ್ತೆ. ಹಳ್ಳ ಎಲ್ಲಿ ಹೋಯ್ತಪ್ಪಾ?"

ಹುಡುಗ ಉಗುಳು ನುಂಗಿದ. ರಾಯರು ಆಗಲೇ ವಂಶವೃಕ್ಷ ಬಿಡಿಸಿದ್ದರು. ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. 2009ರ ವಿಭಾಗಪತ್ರದಲ್ಲಿ ಗಂಡುಮಕ್ಕಳ ಮೂರು ಸಹಿ ಮಾತ್ರ. "ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲೇ ಕಾನೂನಾಯ್ತು. ನಮ್ಮ ಕರ್ನಾಟಕದಲ್ಲಿ ಮದುವೆಯಾಗದ ಹುಡುಗಿಯರಿಗೆ 1994ರಿಂದಲೇ ಇತ್ತು. ಈ ಅಕ್ಕತಂಗಿಯರು ನಾಳೆ ಕೋರ್ಟಿಗೆ ಹೋದ್ರೆ?" ಇನ್ನೊಂದು ಹಾಳೆ ತಿರುಗಿಸಿದರು. "ಮಾರ್ತಿರೋನು ಬರೀ ಜಿಪಿಎ ಹೋಲ್ಡರ್ರು, ಅಧಿಕಾರಪತ್ರ ಇಟ್ಕೊಂಡೋನು ಅಷ್ಟೇ. ಅವನೇ ಹಿಂದೆ ಇದನ್ನ ಜಿಪಿಎ ಮೇಲೆ ಕೊಂಡಿದ್ದಾನಂತೆ. ಜಿಪಿಎಯಿಂದ ಒಡೆತನ ಬರಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ನಾನು ಹೇಳಿದ್ದೇ ಕೊನೆ ಅಲ್ಲ, ವಕೀಲರಿಗೆ ತೋರ್ಸು. ಅಲ್ಲೀವರೆಗೂ ಚೆಕ್ ಬರೀಬೇಡ."

ಇಷ್ಟಕ್ಕೆ ಅವರು ತೆಗೆದುಕೊಂಡದ್ದು ಒಂದು ಲೋಟ ಕಾಫಿಯಷ್ಟು ಹೊತ್ತು. ಆ ಹೊತ್ತಿನಲ್ಲಿ ಕೋರಮಂಗಲದ ಸುದ್ದಿ ಒಮ್ಮೆಯೂ ಬರಲಿಲ್ಲ ಎಂಬುದನ್ನು ಅಡುಗೆಮನೆಯಿಂದ ಇಣುಕಿದ ಮನೆಯಾಕೆ ಗಮನಿಸಿದರು.

ವಕೀಲರೂ ಅದನ್ನೇ ಹೇಳಿದರು, ಫೀಸು ತೆಗೆದುಕೊಂಡು. ಹುಡುಗ ಅಡ್ವಾನ್ಸು ಉಳಿಸಿಕೊಂಡ. ಸುದ್ದಿಯನ್ನು ಮಾತ್ರ ಉಳಿಸಿಕೊಳ್ಳಲಿಲ್ಲ. ಈಗ ಭಾನುವಾರ ರಾಯರ ಜಗುಲಿಯಲ್ಲಿ ಫೈಲು ಹಿಡಿದವರು ಕೂತಿರುತ್ತಾರೆ. ಇ-ಖಾತಾ ಕಡ್ಡಾಯವಾದ ಮೇಲಂತೂ ಬಿ ಖಾತೆಯವರ ಸಾಲೇ ಉದ್ದ. ಪತ್ರದಲ್ಲಿ 'ಸುಬ್ಬಮ್ಮ', ಆಧಾರ್‌ನಲ್ಲಿ 'ಸುಬ್ಬಲಕ್ಷ್ಮಮ್ಮ' ಆಗಿರುವ ಅಜ್ಜಿಯರ ಮಕ್ಕಳಿಗೆ ಯಾವ ಅಫಿಡವಿಟ್ಟು, ಯಾವ ಕೌಂಟರು ಎಂದು ರಾಯರು ಚೀಟಿ ಬರೆದು ಕೊಡುತ್ತಾರೆ. ಅವರು ಕಾಸು ಮುಟ್ಟುವುದಿಲ್ಲ. ಬಾಳೆಹಣ್ಣು ತಂದರೆ ಮನೆಯಾಕೆ ಬೇಡವೆನ್ನುವುದಿಲ್ಲ.

"ನಿಮ್ಮ ತಲೆ ತಲೆಯಲ್ಲ ಸಾರ್, ರೆಕಾರ್ಡ್ ರೂಮು" ಎಂದರು ಮೊನ್ನೆ ಬಂದ ಮೇಷ್ಟ್ರು. "ಇಂಥ ವಿದ್ಯೆ ಎಷ್ಟು ಜನಕ್ಕಿದೆ?"

ರಾಯರ ಮುಖ ಅರಳಿತು. ಪೂರ್ತಿ ಅರಳುವಷ್ಟರಲ್ಲಿ ಏನೋ ನೆನಪಾಯಿತು. "ಎಪ್ಪತ್ತೆರಡರಲ್ಲಿ ಲಾ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು ಕಣ್ರೀ. ಫ್ಯಾಕ್ಟರಿ ಕೆಲಸ ಬಿಡಬೇಡ ಅಂದ್ರು ನಮ್ಮಪ್ಪ. ಅವತ್ತು ಆ ಸೀಟು ತಗೊಂಡಿದ್ರೆ..."

"ರೀ," ಎಂದರು ಒಳಗಿನಿಂದ ಮನೆಯಾಕೆ, "ಹಿಂದಿನ ಬೀದಿಯವರು ಆಗ್ಲಿಂದ ಕಾಯ್ತಿದ್ದಾರೆ. ಅವರ ಹಳ್ಳ ಎಲ್ಲಿ ಹೋಯ್ತು ನೋಡಿ."