ಐದನೆಯವನ ವಿಜಯೋತ್ಸವ

2002ನೆಯ ಇಸವಿಯ ಫಾರ್ಮುಲಾ ಒನ್ ಋತುವು ಮೆಲ್ಬರ್ನಿನ ಆಲ್ಬರ್ಟ್ ಪಾರ್ಕಿನಲ್ಲಿ ಪ್ರಾರಂಭವಾದಾಗ, ಪ್ರಥಮ ತಿರುವಿನಲ್ಲಿಯೇ ರಾಲ್ಫ್ ಶೂಮಾಕರನ ಕಾರು ಬಾರಿಕೆಲ್ಲೋವಿನ ಕಾರಿನ ಬೆನ್ನೇರಿ ಗಗನಮಾರ್ಗವನ್ನು ಹಿಡಿಯಲಾಗಿ, ಎಂಟು ಕಾರುಗಳು ಕ್ಷಣಮಾತ್ರದಲ್ಲಿ ಸ್ಪರ್ಧೆಯಿಂದ ನಿರ್ಗಮಿಸಿದುವು. ಟಿಕೆಟಿನ ಹಣ ಅಲ್ಲಿಗೇ ವಸೂಲಾಯಿತೆಂದು ಕೆಲವು ರಸಿಕರು ಭಾವಿಸಿದ್ದರೂ ಭಾವಿಸಿರಬಹುದು. ಗೆದ್ದವನು ಮೈಕೇಲ್ ಶೂಮಾಕರ್. ಅದು ಸೂರ್ಯೋದಯದಷ್ಟೇ ನಿರೀಕ್ಷಿತ. ಆದರೆ ಬಡ ಮಿನಾರ್ಡಿ ತಂಡದ ಪರವಾಗಿ ತನ್ನ ಚೊಚ್ಚಲ ಪಂದ್ಯಕ್ಕಿಳಿದ ಸ್ವದೇಶದ ಹುಡುಗ ಮಾರ್ಕ್ ವೆಬ್ಬರನು, ಎರಡು ಸುತ್ತು ಹಿಂದುಳಿದೂ ಐದನೆಯವನಾಗಿ ಗುರಿಮುಟ್ಟಿ ಎರಡು ಅಂಕಗಳನ್ನು ಗಳಿಸಿದಾಗ, ಪ್ರೇಕ್ಷಕಸ್ತೋಮವು ಸಾಕ್ಷಾತ್ ವಿಶ್ವವಿಜಯವೇ ಲಭಿಸಿತೋ ಎಂಬಂತೆ ಹರ್ಷೋದ್ಗಾರಗೈದಿತು. ಬಹುಮಾನದ ವಿಧಿಗಳೆಲ್ಲ ಮುಗಿದ ಬಳಿಕ ಅವನೂ ತಂಡದ ಒಡೆಯ ಪಾಲ್ ಸ್ಟಾಡರ್ಟನೂ ವಿಜಯಪೀಠವನ್ನೇ ಏರಿಬಿಟ್ಟರು. ನಾಲ್ಕನೆಯವನಾದ ಎಡ್ಡಿ ಇರ್ವೈನನನ್ನು ಮಾತ್ರ, ಪಾಪ, ಅತ್ತ ಯಾರೂ ಕರೆದಂತಿಲ್ಲ.