ಔನ್ಸ್ ಅಪ್ಪ

ಅಮೆರಿಕದ ಕನ್ನಡದ ಮನೆಗಳಲ್ಲಿ ಈಗ ಹೊಸ ತಳಿಯ ಗಂಡಸೊಬ್ಬ ಕಾಣಸಿಗುತ್ತಾನೆ. ವಯಸ್ಸು ಮೂವತ್ತರ ಆಚೀಚೆ, ಹೆಗಲ ಮೇಲೆ ಹಾಲು ಕಕ್ಕಿದ ಕಲೆಯ ಬಟ್ಟೆ, ಕಣ್ಣ ಕೆಳಗೆ ಕಪ್ಪು, ಕೈಯಲ್ಲಿ ಫೋನು. ಬೆಂಗಳೂರಿನಲ್ಲಿದ್ದಾಗ ತಿಂದ ತಟ್ಟೆ ಎತ್ತಿಟ್ಟವನಲ್ಲ ಎಂದು ಹೆತ್ತ ತಾಯಿಯೇ ಹೇಳುತ್ತಾರೆ. ಅಲ್ಲಿ ನೋಡಿದರೆ ಬಾಟಲಿ ತೊಳೆದು, ಹಬೆಯಲ್ಲಿಟ್ಟು, ಬೋರಲು ಹಾಕಿ ಒಣಗಿಸುತ್ತಾನೆ. ಮಗು ಎಷ್ಟು ಕುಡಿಯಿತು, ಎಷ್ಟು ಹೊತ್ತು ಮಲಗಿತು, ಎಷ್ಟು ಸಲ ಒದ್ದೆ ಮಾಡಿಕೊಂಡಿತು, ಎಲ್ಲಕ್ಕೂ ಲೆಕ್ಕ ಇಡುತ್ತಾನೆ. ಇವನಿಗೆ ನಾನಿಟ್ಟ ಹೆಸರು ಔನ್ಸ್ ಅಪ್ಪ. ಅಂಥವನೊಬ್ಬ ನನ್ನ ಅಳಿಯ.

ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೊರಟದ್ದು ನನ್ನ ಹೆಂಡತಿ. ಮೆಂತ್ಯದ ಹಿಟ್ಟು, ಒಣಶುಂಠಿ, ಬಜೆ, ಅವಳೇ ಹೊಲಿದ ಕೌದಿ ಇದ್ದ ಸೂಟ್‌ಕೇಸುಗಳನ್ನು ಎಳೆಯಲು ಒಬ್ಬರು ಬೇಕಿತ್ತು, ನಾನು ಹೋದೆ. ಅಲ್ಲಿ ಗಂಡಸಿನ ಕೆಲಸವೆಲ್ಲ ಅಳಿಯ ಮಾಡುತ್ತಿದ್ದ. ಹೆಂಗಸರದ್ದೆಂದು ನಾನು ತಿಳಿದಿದ್ದ ಕೆಲಸವನ್ನೂ ಅವನೇ ಮಾಡುತ್ತಿದ್ದ. ಅವನಿಗೆ ರಜೆ. ಅಮೆರಿಕದ ಕೇಂದ್ರ ಸರ್ಕಾರ 1993ರ ಕಾನೂನಿನಲ್ಲಿ ಕೊಟ್ಟದ್ದು 12 ವಾರದ ಸಂಬಳವಿಲ್ಲದ ರಜೆ. ನ್ಯೂಜೆರ್ಸಿಯವರು ಮಾತ್ರ 2009ರಿಂದ ಇಂಥ ರಜೆಯಲ್ಲೂ ಸಂಬಳದ ಒಂದು ಪಾಲು ಕೈಗೆ ಬರುವಂತೆ ಮಾಡಿದ್ದಾರೆ, ಅಪ್ಪಂದಿರಿಗೂ. ಕಾನೂನು ಬರೆದವರಿಗೆ ಅದೇ ಮನೆಯಲ್ಲಿ ಮಾವನೊಬ್ಬ ಕೆಲಸವಿಲ್ಲದೆ ಕೂತಿರುತ್ತಾನೆಂದು ಹೊಳೆದಂತಿಲ್ಲ.

ಲೆಕ್ಕಕ್ಕೆ ಒಂದು ಆ್ಯಪ್ ಇತ್ತು. ಮಗು ಮುಟ್ಟಿದವರೆಲ್ಲ ಅದರಲ್ಲಿ ದಾಖಲಿಸಬೇಕು. ಒಂದು ದಿನ ಅಳಿಯ ಸ್ನಾನಕ್ಕೆ ಹೋಗಿದ್ದಾಗ ಹೆಂಡತಿ ಮಗುವಿಗೆ ಬಾಟಲಿ ಹಾಲು ಕುಡಿಸಿ, ಮಲಗಿಸಿ, ಉಳಿದದ್ದು ಚೆಲ್ಲಿ, ಬಾಟಲಿಯನ್ನೂ ತೊಳೆದಿಟ್ಟಳು. ಅಂದರೆ ಸಾಕ್ಷಿ ನಾಶ. ಅಳಿಯ ತಲೆ ಒರೆಸಿಕೊಳ್ಳುತ್ತಾ ಬಂದ.

"ಅತ್ತೆ, ಎಷ್ಟೊತ್ತಿಗೆ ಮಲಗಿದ್ಲು?"

"ಹುಳಿಗೆ ಒಗ್ಗರಣೆ ಹಾಕಿದ ಮೇಲೆ."

"ಒಗ್ಗರಣೆ ಎಷ್ಟೊತ್ತಿಗೆ ಹಾಕಿದ್ರಿ?"

"ಅಕ್ಕಿ ತೊಳೆಯೋಕೆ ಮುಂಚೆ."

ಅಳಿಯ ಫೋನಿನಲ್ಲಿ ಏನೋ ಒತ್ತಿ ಅಳಿಸಿದ. "ಹೋಗ್ಲಿ, ಎಷ್ಟು ಕುಡಿದ್ಲು?"

"ಹೊಟ್ಟೆ ತುಂಬ."

"ಹೊಟ್ಟೆ ತುಂಬ ಅಂದ್ರೆ ಎಷ್ಟು ಔನ್ಸ್?"

ಹೆಂಡತಿ ನನ್ನ ಮುಖ ನೋಡಿದಳು. ಒಂದು ಔನ್ಸ್ ಅಂದರೆ ಸುಮಾರು 30 ಮಿಲಿ ಎಂದು ನಾನು ಅಷ್ಟರಲ್ಲಿ ಕಲಿತಿದ್ದೆ. ಆದರೆ ಇದು ಅತ್ತೆ ಅಳಿಯನ ವ್ಯವಹಾರ, ಬಾಯಿ ಬಿಡಲಿಲ್ಲ. "ತೇಗಿದ್ಲು ಕಣ್ರೀ," ಎಂದಳು ಅವಳು, ಇನ್ನೇನು ಪುರಾವೆ ಬೇಕು ಎನ್ನುವ ದನಿಯಲ್ಲಿ. ಅಳಿಯ ನಿಟ್ಟುಸಿರು ಬಿಟ್ಟು ಮೂರೂವರೆ ಎಂದು ಬರೆದುಕೊಂಡ. ಪಕ್ಕದ ಟಿಪ್ಪಣಿಯ ಜಾಗದಲ್ಲಿ 'ಅಜ್ಜಿ ಅಂದಾಜು' ಎಂದು ಸೇರಿಸಿದ. ಮೂರು ಮಕ್ಕಳನ್ನು ಸಾಕಿದವಳಿಗೆ ಆ ಟಿಪ್ಪಣಿ ಹೇಗೆ ಚುಚ್ಚಿತೆಂದರೆ ಅಂದು ಹುಳಿಗೆ ಉಪ್ಪೇ ಬೀಳಲಿಲ್ಲ.

ಬೇರೆ ಕಾಟಗಳೂ ಇದ್ದವು. ಕಾರಿನಲ್ಲಿ ಮಗುವಿನ ಸೀಟು ಹಿಂದಕ್ಕೆ ಮುಖ ಮಾಡಿರಬೇಕು. ಪಟ್ಟಿ ಕಟ್ಟಿದ ಮೇಲೆ ಅದನ್ನು ಬೆರಳಲ್ಲಿ ಚಿವುಟಿ ನೋಡುತ್ತಾನೆ. ಚಿವುಟಲು ಬಂತೆಂದರೆ ಸಡಿಲ, ಮತ್ತೆ ಬಿಗಿ. ಮಗುವನ್ನು ಚಿವುಟಿ ತೊಟ್ಟಿಲು ತೂಗುವವರನ್ನು ಊರಲ್ಲಿ ಬೇಕಾದಷ್ಟು ಕಂಡಿದ್ದೇನೆ, ಪಟ್ಟಿ ಚಿವುಟುವವನನ್ನು ಕಂಡದ್ದು ಇದೇ ಮೊದಲು.

ಕಿರಿಕಿರಿಯೆಂದರೆ ಹೆಚ್ಚಿನ ಸಲ ಅವನು ಹೇಳುವುದು ಸರಿ ಇರುತ್ತದೆ. ಬಜೆ ತೇದು ಜೇನಿನಲ್ಲಿ ನೆಕ್ಕಿಸುತ್ತೇನೆ ಎಂದು ಹೆಂಡತಿ ಅಂದಾಗ ತಡೆದ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಕೂಡದೆಂದು ವೈದ್ಯರೂ ಹೇಳಿದರು. ಕೌದಿಯನ್ನು ತೊಟ್ಟಿಲಿಗೆ ಹಾಕಲು ಬಿಡಲಿಲ್ಲ. ದಿಂಬಿಲ್ಲ, ಹೊದಿಕೆಯಿಲ್ಲ, ಬೆನ್ನ ಮೇಲೆ ಅಂಗಾತ ಮಲಗಬೇಕು, ಅಷ್ಟೆ. ಮಗುವನ್ನು ಬೋರಲು ಮಲಗಿಸಬೇಡಿ ಎಂದು ಅಲ್ಲಿನ ಮಕ್ಕಳ ವೈದ್ಯರ ಸಂಘ ಹೇಳಿದ್ದು 1992ರಲ್ಲಿ. 1994ರಲ್ಲಿ ದೇಶವಿಡೀ ಪ್ರಚಾರವಾಯಿತಂತೆ. ನಿದ್ದೆಯಲ್ಲೇ ತಟಕ್ಕನೆ ಹೋಗಿಬಿಡುವ ಕೂಸುಗಳ ಪ್ರಮಾಣ ಆಮೇಲಿನ ವರ್ಷಗಳಲ್ಲಿ ಅರ್ಧದಷ್ಟಕ್ಕೆ ಇಳಿಯಿತು. ಇದಕ್ಕೆ ಎದುರು ಮಾತಾಡುವುದು ಹೇಗೆ? ಕೌದಿ ಸೋಫಾದ ಮೇಲೆ ಕೂತಿತು, ಅದರ ಮೇಲೆ ನಾನು.

ಮಗು ಮಲಗಲು ಮಳೆ ಸದ್ದು ಮಾಡುವ ಯಂತ್ರವೊಂದನ್ನೂ ತಂದಿದ್ದ. ನಾನು ತೀರ್ಥಹಳ್ಳಿಯ ಅಡಿಕೆ ಬೆಳೆಗಾರ. ಮಳೆ ನಮಗೆ ಆಗುಂಬೆ ಕಡೆಯಿಂದ ಪುಕ್ಕಟೆ ಬರುತ್ತದೆ. ಒಂದು ರಾತ್ರಿ ಎಚ್ಚರವಾದಾಗ ಕಿವಿಗೆ ಬಿದ್ದದ್ದು ಧೋ ಎನ್ನುವ ಸದ್ದು. ಅಂಗಳದಲ್ಲಿ ಹರವಿದ ಅಡಿಕೆ! ಟಾರ್ಪಾಲು ಎಲ್ಲಿ ಎಂದು ಕೂಗಿಕೊಂಡು ಪಂಚೆ ಎತ್ತಿ ಕಟ್ಟಿ ಓಡಿದವನು ಹಜಾರದಲ್ಲಿ ಅಳಿಯನಿಗೆ ಢಿಕ್ಕಿ ಹೊಡೆದೆ. "ಮಾವ, ಮಷಿನ್ನು," ಎಂದ ಅವನು ಪಿಸುದನಿಯಲ್ಲಿ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬಾಟಲಿ. ಫೋನು ಮೇಜಿನ ಮೇಲಿತ್ತು. ಮಗು ಬಾಟಲಿ ಬಿಟ್ಟಿತು. ಅಳಿಯ ಬಗ್ಗಿ, ಮೂಗಿನ ತುದಿಯಿಂದ ಗುಂಡಿ ಒತ್ತಿ ಲೆಕ್ಕ ಬರೆದ. ಒಮ್ಮೆಗೆ ತಗುಲಲಿಲ್ಲ, ಮೂಗು ಒರೆಸಿಕೊಂಡು ಮತ್ತೆ ಒತ್ತಿದ. ನಾನು ಪಂಚೆ ಇಳಿಸಿ ಹೋಗಿ ಮಲಗಿದೆ.

ನನ್ನ ಮಗಳು ಹುಟ್ಟಿದ ಸುದ್ದಿ ನನಗೆ ತಲುಪಿಸಿದ್ದು ಬಸ್ ಕಂಡಕ್ಟರ್. ಹೆಂಡತಿ ತವರಿನಲ್ಲಿದ್ದಳು. ಬಾಣಂತಿ ಕೋಣೆಯೆಂದರೆ ಕತ್ತಲು, ಬೆಳ್ಳುಳ್ಳಿ ವಾಸನೆ, ಬಾಗಿಲಲ್ಲಿ ಅತ್ತೆ. ಗಂಡಸರು ತೊಟ್ಟಿಲು ಹಾಕುವ ದಿನ ಹೋಗಿ ಹೋಳಿಗೆ ಉಂಡು ಬರುವುದು ವಾಡಿಕೆ. ನಾನೂ ಉಂಡು ಬಂದೆ. ಬಟ್ಟೆಯ ಸುರುಳಿಯೊಳಗೆ ಒಂದು ಮೂಗು ಕಂಡಿತ್ತು. ಮೊಮ್ಮಗಳ ತೂಕದ ಗೆರೆಯ ಪಕ್ಕ ಅವಳಮ್ಮನ ಗೆರೆಯನ್ನೂ ಎಳೆದು ನೋಡೋಣವೆಂದು ಅಳಿಯ ಒಂದು ದಿನ ಕೇಳಿದ: "ಮಾವ, ಹುಟ್ಟಿದಾಗ ಇವಳು ಎಷ್ಟಿದ್ಲು?" ಹೆಂಡತಿ "ಗುಂಡುಗುಂಡಗಿದ್ಲು" ಎಂದಳು. ನಾನು ಕಿಟಕಿಯಾಚೆ ಅಳಿಲು ನೋಡುತ್ತಿದ್ದೆ. ಅಮೆರಿಕದ ಅಳಿಲುಗಳು ಬಹಳ ದೊಡ್ಡವು.

ಹೊರಡುವಾಗ ಅಳಿಯ ನನ್ನ ಫೋನಿಗೂ ಆ ಆ್ಯಪ್ ಹಾಕಿಕೊಟ್ಟ. ಬೇಡ ಎಂದೆ, ಗಟ್ಟಿಯಾಗಿ ಅನ್ನಲಿಲ್ಲ. ಮೊನ್ನೆ ಮಂಡಿಯಲ್ಲಿ ಕೂತು ಅಡಿಕೆ ಧಾರಣೆ ಮಾತಾಡುತ್ತಿದ್ದಾಗ ಫೋನು ಟಿಣ್ ಎಂದಿತು. ನಮ್ಮಲ್ಲಿ ಬೆಳಗ್ಗೆ ಹನ್ನೊಂದು, ಅಲ್ಲಿ ನಡುರಾತ್ರಿ ಕಳೆದಿತ್ತು.

"ಏನ್ ಭಟ್ರೇ, ಶಿವಮೊಗ್ಗದ ರೇಟಾ?" ಎಂದು ಮಂಡಿಯವನು ಕತ್ತು ಚಾಚಿದ.

"ಅಲ್ಲ ಮಾರಾಯ. ನಾಲ್ಕು ಔನ್ಸ್."

"ಏರಿದ್ದೋ ಇಳಿದಿದ್ದೋ?"

"ನಿನ್ನೆ ಮೂರೂವರೆ ಇತ್ತು," ಎಂದೆ.