ಒಂದು ರಾತ್ರಿಯ ಭಿಕ್ಷೆ: ವಿಭಾಗಾಧಿಪತಿಗಳಿಗೊಂದು ಬಹಿರಂಗ ಪತ್ರ

ಸಂಸ್ಥೆಯ ಸಮಸ್ತ ವಿಭಾಗಾಧಿಪತಿಗಳಾದ ಮಹನೀಯರ ಸನ್ನಿಧಾನಕ್ಕೆ, ನೆಲಮಾಳಿಗೆಯ ಡೇಟಾ ಸೆಂಟರಿನಲ್ಲಿ ಸ್ಟೋರೇಜ್ ನೋಡಿಕೊಳ್ಳತಕ್ಕ ಸೇವಕನ ಸವಿನಯ ಬಿನ್ನಹ.

ತಮ್ಮ ಲೆಕ್ಕಪತ್ರಗಳೂ ಇ-ಮೇಲುಗಳೂ ಸಂಬಳದ ಪಟ್ಟಿಗಳೂ, ಬಹುಕಾಲದಿಂದ ಯಾರೂ ತೆರೆದು ನೋಡದ ವಾರ್ಷಿಕೋತ್ಸವದ ಛಾಯಾಚಿತ್ರಗಳೂ ಒಂದೇ ಸ್ಟೋರೇಜಿನಲ್ಲಿ ಸಹವಾಸ ಮಾಡುತ್ತಿರುವ ಸಂಗತಿಯನ್ನು ತಾವು ಬಲ್ಲಿರೋ ಇಲ್ಲವೋ ಅರಿಯೆ. ಆದರೆ ಆ ಯಂತ್ರದ ಸಾಫ್ಟ್‌ವೇರನ್ನು ಅಪ್‌ಗ್ರೇಡ್ ಮಾಡಲು ಒಂದು ರಾತ್ರಿಯನ್ನು ಬೇಡಿ ಬರೆದಾಗಲೆಲ್ಲ, ಅದು ತಮ್ಮೊಬ್ಬರದೇ ಸ್ವತ್ತೆಂಬ ಧೋರಣೆಯಲ್ಲಿ ತಾವು ದಯಪಾಲಿಸಿದ ಉತ್ತರಗಳೆಲ್ಲವೂ ನನ್ನಲ್ಲಿ ಭದ್ರವಾಗಿವೆ. ತಿಂಗಳ ಕೊನೆಯ ವಾರ ಸಂಬಳದ ವಿಭಾಗಕ್ಕೆ ನಿಷಿದ್ಧ. ಮೊದಲ ವಾರ ಲೆಕ್ಕಪತ್ರದವರಿಗೆ. ದಸರೆಯಿಂದ ದೀಪಾವಳಿಯವರೆಗೆ ಮಾರಾಟದವರಿಗೆ. ಮಾರ್ಚ್ ತಿಂಗಳು ಸರ್ವರಿಗೂ. ಮಿಕ್ಕ ದಿನಗಳಲ್ಲಿ ಹಗಲು ಕಚೇರಿಯ ವೇಳೆ, ರಾತ್ರಿ ಬ್ಯಾಕಪ್ಪಿನ ವೇಳೆ, ಭಾನುವಾರವೋ ವರದಿಗಳ ವೇಳೆ. ಪಂಚಾಂಗದ ರಾಹುಕಾಲವಾದರೂ ದಿನಕ್ಕೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ತಮ್ಮೆಲ್ಲರ ಕ್ಯಾಲೆಂಡರುಗಳನ್ನು ಒಂದರ ಮೇಲೊಂದಿಟ್ಟು ಶೋಧಿಸಿದರೆ ವರ್ಷಕ್ಕೊಂದು ಶುಭಘಳಿಗೆಯೂ ಉಳಿಯಲಿಲ್ಲ.

“ಅಡಚಣೆಯೇ ಇಲ್ಲದ ಅಪ್‌ಗ್ರೇಡ್ ಎಂದು ಮಾರಿದವರೇ ಹೇಳಿದ್ದರಲ್ಲ, ಮತ್ತೆ ನಮ್ಮನ್ನೇಕೆ ಕೇಳುತ್ತೀರಿ?” ಎಂದು ತಮ್ಮಲ್ಲೊಬ್ಬರು ಪ್ರಶ್ನಿಸಿದ್ದುಂಟು. ಪ್ರಶ್ನೆ ಮಾರ್ಮಿಕವಾದುದು. ಯಂತ್ರದಲ್ಲಿ ಎರಡು ಕಂಟ್ರೋಲರುಗಳುಂಟು; ಒಂದು ತನ್ನ ಭಾರವನ್ನೆಲ್ಲ ಜೊತೆಯದಕ್ಕೆ ಒಪ್ಪಿಸಿ, ಹೊಸ ಸಾಫ್ಟ್‌ವೇರನ್ನು ಏರಿಸಿಕೊಂಡು ರೀಬೂಟ್ ಆಗಿ, ಭಾರವನ್ನು ಮರಳಿ ಪಡೆದ ಮೇಲೆ ಎರಡನೆಯದು ಅದೇ ಕ್ರಮವನ್ನು ಅನುಸರಿಸತಕ್ಕದ್ದು. ಈ ಏರ್ಪಾಡು ನಿರ್ವಿಘ್ನವಾಗಿ ಸಾಗಬೇಕಾದರೆ ಎರಡೂ ತಮ್ಮ ಶಕ್ತಿಯ ಅರ್ಧದೊಳಗೇ ದುಡಿಯುತ್ತಿರಬೇಕು. ಹಾಗೆ ಅರ್ಧ ಶಕ್ತಿ ಬಿಡುವಾಗಿರುವುದನ್ನು ಕಂಡ ತಾವಾದರೋ, “ದುಂದುವೆಚ್ಚ” ಎಂದು ಟಿಪ್ಪಣಿ ಬರೆದು, ಹೊಸ ಹೊಸ ಅಪ್ಲಿಕೇಶನ್ನುಗಳನ್ನು ಹೇರಿಸಿ, ಒಂದೊಂದನ್ನೂ ಶೇಕಡ 70ರ ಮಟ್ಟಕ್ಕೆ ತಂದು ನಿಲ್ಲಿಸಿದಿರಿ. 70ಕ್ಕೆ 70 ಸೇರಿದರೆ 140 ಆಗುವುದೆಂಬ ಗಣಿತವನ್ನು ಬಜೆಟ್ ಸಭೆಯಲ್ಲಿ ನಿವೇದಿಸಿದಾಗ, ನನ್ನ ಮನೋಧರ್ಮ ಸಂಸ್ಥೆಯ ಉತ್ಸಾಹಕ್ಕೆ ಮಾರಕವೆಂಬ ತೀರ್ಪು ದೊರೆಯಿತು.

ಇನ್ನು, ಭಾರ ಕೈಬದಲಾಗುವ ಆ ಕೆಲವು ಕ್ಷಣಗಳಲ್ಲಿ ಓದುಬರಹ ಸ್ತಬ್ಧವಾಗುತ್ತದೆ. ಅಷ್ಟು ಹೊತ್ತು ತಾಳ್ಮೆಯಿಂದ ಕಾಯುವುದು ಸರ್ವರುಗಳ ಧರ್ಮ. ಲಿನಕ್ಸ್ ಸರ್ವರು ಡಿಸ್ಕಿನ ಉತ್ತರಕ್ಕಾಗಿ ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತದೆ. ವಿಎಂವೇರ್ ಟೂಲ್ಸ್ ಹಾಕಿದ ವರ್ಚುವಲ್ ಯಂತ್ರದಲ್ಲಿ ಆ ತಾಳ್ಮೆ 180 ಸೆಕೆಂಡಿಗೆ ಏರುತ್ತದೆ. ಆದುದರಿಂದ ಯಾರಿಗೆಷ್ಟು ತಾಳ್ಮೆ, ಯಾರಿಗೆ ಎರಡೂ ಕಂಟ್ರೋಲರುಗಳವರೆಗೆ ದಾರಿಯಿದೆ ಎಂಬುದನ್ನು ಮುಂಚಿತವಾಗಿ ಪರೀಕ್ಷಿಸುವುದೇ ಈ ಯೋಜನೆಯ ಮುಕ್ಕಾಲು ಪಾಲು. ಹೀಗೆ ಪರೀಕ್ಷಿಸುತ್ತಿರಲಾಗಿ, ರ‍್ಯಾಕಿನ ಹಿಂಬದಿಯಲ್ಲಿ, ಲೆಕ್ಕಪತ್ರ ವಿಭಾಗದ ಒಂದು ಹಳೆಯ ಸರ್ವರಿಗೆ ಎರಡು ಕೇಬಲ್ಲುಗಳಿರಬೇಕಾದಲ್ಲಿ ಒಂದೇ ಇದ್ದುದು ಗೋಚರವಾಯಿತು. ಇನ್ನೊಂದು ಪೋರ್ಟಿನ ಬಾಯಿಗೆ ಧೂಳುಮುಚ್ಚಳ. ಆ ಕೇಬಲ್ಲನ್ನು ಯಾವುದೋ ಟೆಸ್ಟ್ ಯಂತ್ರಕ್ಕೆ “ಎರಡು ದಿನದ ಮಟ್ಟಿಗೆ” ಕಡ ಕೊಟ್ಟಿದ್ದರಂತೆ. ಸರ್ವರಿನ ಹಣೆಯ ಮೇಲೆ ಅಂಟುಪಟ್ಟಿಯೊಂದರಲ್ಲಿ “ಮುಟ್ಟಬೇಡಿ” ಎಂಬ ಶಾಸನ. ಬರೆದವರು ನೌಕರಿ ಬಿಟ್ಟು ಯಾವ ಕಾಲವಾಯಿತೋ, ಶಿಲಾಶಾಸನದಂತೆ ಅದನ್ನು ಇಂದಿಗೂ ಎಲ್ಲರೂ ಪಾಲಿಸಿಕೊಂಡು ಬಂದಿದ್ದಾರೆ. ವಿಭಾಗಾಧಿಪತಿಗಳನ್ನು ವಿಚಾರಿಸಿದಾಗ, ಆ ಸರ್ವರು ಅತ್ಯಂತ ಮಹತ್ವದ್ದೆಂದೂ, ಅದರಲ್ಲಿ ಏನಿದೆಯೆಂದು ಮಾತ್ರ ತಿಳಿಯದೆಂದೂ ಅಪ್ಪಣೆಯಾಯಿತು.

“ಯಾರಿಗೂ ಹೇಳದೆ, ಓಡುತ್ತಿರುವಾಗಲೇ ಬದಲಾಯಿಸಿಬಿಡಿ” ಎಂದು ಧೈರ್ಯಶಾಲಿಯೊಬ್ಬರು ಸಲಹೆಯಿತ್ತಿದ್ದಾರೆ. ಈ ಶೌರ್ಯಕ್ಕೆ ಪೂರ್ವೋದಾಹರಣೆಯಿದೆ. 2021ರ ಡಿಸೆಂಬರಿನಲ್ಲಿ, ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಸೂಪರ್‌ಕಂಪ್ಯೂಟರಿನಲ್ಲಿ, ಬ್ಯಾಕಪ್ ಸ್ಕ್ರಿಪ್ಟೊಂದು ಓಡುತ್ತಿರುವಾಗಲೇ ಅದರ ಮೇಲೆ ಪರಿಷ್ಕೃತ ಪ್ರತಿಯನ್ನು ಬರೆಯಲಾಗಿ, ಅದು ನಡುವಿನಿಂದ ಹೊಸ ಪಾಠವನ್ನು ಓದತೊಡಗಿ, ಮೌಲ್ಯವೇ ನಿಗದಿಯಾಗದ ವೇರಿಯಬಲ್ಲುಗಳನ್ನು ನಂಬಿಕೊಂಡು, ಹಳೆಯ ಲಾಗ್ ಫೈಲುಗಳಿಗೆ ಬದಲಾಗಿ ಎಲ್ಲರೂ ಹಂಚಿಕೊಂಡಿದ್ದ ಸ್ಟೋರೇಜಿನಲ್ಲಿದ್ದ ಸಂಶೋಧಕರ ಫೈಲುಗಳನ್ನೇ ಅಳಿಸುತ್ತ ಹೋಯಿತು. ಸುಮಾರು 77 ಟೆರಾಬೈಟ್, ಸುಮಾರು 3 ಕೋಟಿ 40 ಲಕ್ಷ ಫೈಲುಗಳು. ಬಾಧಿತವಾದ 14 ಸಂಶೋಧನಾ ತಂಡಗಳಲ್ಲಿ 4ಕ್ಕೆ ಬ್ಯಾಕಪ್ಪಿನಿಂದಲೂ ಅವು ಹಿಂದಿರುಗಲಿಲ್ಲ.

ಇದನ್ನು ಕೇಳಿ, “ನೋಡಿದಿರಾ, ಅದಕ್ಕೇ ನಾವು ಏನನ್ನೂ ಮುಟ್ಟಗೊಡುವುದಿಲ್ಲ” ಎಂದು ತಾವು ತಲೆದೂಗುತ್ತಿರಬಹುದು. ತಮ್ಮ ಆನಂದಕ್ಕೆ ಭಂಗ ತರಲು ಸಂಕೋಚವಾಗುತ್ತದೆ. 2019ರ ನವೆಂಬರಿನಲ್ಲಿ ಎಚ್‌ಪಿಇ ಸಂಸ್ಥೆ ತನ್ನ ಕೆಲವು ಎಸ್‌ಎಸ್‌ಡಿ ಡಿಸ್ಕುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಹೊರಡಿಸಿತು: ಫರ್ಮ್‌ವೇರ್ ಬದಲಾಯಿಸದೆ ಬಿಟ್ಟಲ್ಲಿ, ಅವು 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ದುಡಿದು ಕೆಡುವುವು, ದತ್ತಾಂಶ ಮರಳಿ ದೊರೆಯದು, ಒಟ್ಟಿಗೆ ಕೆಲಸಕ್ಕೆ ಹಚ್ಚಿದವು ಬಹುತೇಕ ಒಟ್ಟಿಗೇ ಕೆಡುವುವು. ಮುಹೂರ್ತ ಕೊಡಲೊಲ್ಲದವರಿಗೆ ಯಂತ್ರವೇ ಗಂಟೆಯ ಸಹಿತ ಮುಹೂರ್ತವಿಟ್ಟುಕೊಟ್ಟ ದೃಷ್ಟಾಂತ ಇದಕ್ಕಿಂತ ಸ್ಪಷ್ಟವಾದುದು ನನಗೆ ತಿಳಿಯದು. ಅದು ಸಂಬಳದ ವಾರವೋ ದೀಪಾವಳಿಯೋ ಎಂದು ವಿಚಾರಿಸುವ ಸೌಜನ್ಯವನ್ನು ಮಾತ್ರ ಡಿಸ್ಕುಗಳು ಕಲಿತಿಲ್ಲ.

ಆದುದರಿಂದ, ಬರುವ ತಿಂಗಳ ಎರಡನೆಯ ಶನಿವಾರ ರಾತ್ರಿ 11ರಿಂದ ಬೆಳಗಿನ ಜಾವ 4ರವರೆಗಿನ ಅವಧಿಯನ್ನು ಕರುಣಿಸಬೇಕಾಗಿ ಪ್ರಾರ್ಥನೆ. ಅಂದಿನ ಬ್ಯಾಕಪ್ಪನ್ನು ಸಂಜೆಯೊಳಗೆ ಮುಗಿಸಲಾಗುವುದು. ವರದಿಗಳು ಒಂದು ರಾತ್ರಿ ವಿಶ್ರಮಿಸುವುವು. ಕಡ ಹೋದ ಕೇಬಲ್ಲು ಸ್ವಸ್ಥಾನಕ್ಕೆ ಬರುವುದು. ಮೊದಲ ಕಂಟ್ರೋಲರು ನೆಟ್ಟಗಿದೆಯೆಂದು ಖಾತ್ರಿಯಾಗುವವರೆಗೆ ಎರಡನೆಯದಕ್ಕೆ ಕೈಹಾಕತಕ್ಕದ್ದಲ್ಲ. ಕೆಟ್ಟರೆ ಹಳೆಯ ಸ್ಥಿತಿಗೆ ಹಿಂದಿರುಗುವ ಕ್ರಮವನ್ನೂ ಬರೆದಿಡಲಾಗಿದೆ. ಈ ಪತ್ರದೊಡನೆ ಹೊಸ ಫಾರಮ್ಮೊಂದನ್ನು ಲಗತ್ತಿಸಿದ್ದೇನೆ. ಇದುವರೆಗೆ ಒಪ್ಪಿಗೆ ಕೊಟ್ಟವರು ಮಾತ್ರ ಸಹಿ ಹಾಕಬೇಕಾಗಿತ್ತು. ಇನ್ನು ಮುಂದೆ ನಿರಾಕರಿಸುವವರೂ ತಮ್ಮ ಪೂರ್ಣ ನಾಮಧೇಯ, ಹುದ್ದೆ, ತಾವು ಬದಲಿಗೆ ಕೊಡುವ ರಾತ್ರಿ, ಇವಿಷ್ಟನ್ನೂ ಬರೆದು ಸಹಿ ಮಾಡತಕ್ಕದ್ದು. ಖಾಲಿಯಾಗಿ ಹಿಂದಿರುಗಿದ ಫಾರಮ್ಮನ್ನು ಒಪ್ಪಿಗೆಯೆಂದೇ ಪರಿಗಣಿಸಲಾಗುವುದು.

ಇತಿ ತಮ್ಮ ವಿಧೇಯ,
ಸ್ಟೋರೇಜ್ ಅಡ್ಮಿನಿಸ್ಟ್ರೇಟರ್